ಬೇಳೆ ಬೇಯುವ ನೀರು

ಈ ನೆನಪಿನಲ್ಲಿ ತಪ್ಪುಗಳಿರಬಹುದು. ಅದು ಬೇಸಿಗೆ ರಜೆಯೋ ದಸರಾ ರಜೆಯೋ ಖಚಿತವಿಲ್ಲ. ಇಷ್ಟು ವರ್ಷಗಳಲ್ಲಿ ಎಲ್ಲವನ್ನೂ ನನಗೆ ಬೇಕಾದಂತೆ ತಿದ್ದಿಕೊಂಡಿರುವ ಸಾಧ್ಯತೆಯೂ ಇದೆ. ಚಿಕ್ಕಪ್ಪ ಕೇಳಿದ ಪ್ರಶ್ನೆ ಚೆನ್ನಾಗಿ ನೆನಪಿದೆ. ನಾನು ಕೊಟ್ಟ ಉತ್ತರ ನೆನಪಿಲ್ಲ.

ರಾಯದುರ್ಗದ ನಮ್ಮ ಮನೆಯಿಂದ ಮಡಕಶಿರದ ಕಡೆಗೆ, ಅಮ್ಮನ ತಂಗಿಯನ್ನು ಕೊಟ್ಟ ಊರಿಗೆ, ಬಸ್ಸು ಬದಲಿಸುತ್ತ ಹೋಗುತ್ತಿದ್ದೆ. ಅವರ ಅಂಗಳದಲ್ಲಿ ನಿಂತರೆ ರತ್ನಗಿರಿಯ ಕೋಟೆ ಕಾಣುತ್ತದೆ. ನಾನಾಗ ರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಚಿಕ್ಕಪ್ಪ ಹೊಸ ಬೋರು ಕೊರೆಸಿದ್ದರು, ಹಿತ್ತಲಲ್ಲಿ ಹಳೆಯ ಬಾವಿಯೂ ಇತ್ತು. ಬಾವಿಯ ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತಿತ್ತು. ಬೋರಿನ ನೀರಿನಲ್ಲಿ ಬೆಣ್ಣೆಯಂತೆ ಬೇಯುತ್ತಿತ್ತು. ಕಾಲೇಜಿನಿಂದ ತಂದಿದ್ದ ಸೋಪಿನ ದ್ರಾವಣವನ್ನು ಎರಡೂ ನೀರಿನ ಸೀಸೆಗಳಿಗೆ ಹಾಕಿ ಕುಲುಕಿ ತೋರಿಸಿದೆ. ಬೋರಿನ ನೀರು ಸೀಸೆಯ ಕತ್ತಿನವರೆಗೆ ನೊರೆಯಾಯಿತು. ಬಾವಿಯದು ಬಿಳಿ ಗಸಿಯಾಯಿತು.

“ಏನವ್ವ, ಇಷ್ಟು ಓದಿದೀಯ. ಯಾವ ನೀರು ಕುಡೀಬೋದು ಹೇಳು,” ಎಂದರು ಚಿಕ್ಕಪ್ಪ. “ಬಾವಿ ಮುಚ್ಚಿಸ್ಬಿಡ್ತೀನಿ, ಮಕ್ಕಳು ಬಗ್ಗಿ ಬಗ್ಗಿ ನೋಡ್ತವೆ.”

“ಅಡಿಗಿ ಮಾಡಾಕಿ ನಾನು, ಕೇಳೋದು ಆಕೀನ,” ಎಂದು ಚಿಕ್ಕಮ್ಮ ಒಲೆಯ ಮುಂದಿನಿಂದಲೇ ಅಂದಳು. ಮದುವೆಯಾಗಿ ಎಷ್ಟು ವರ್ಷವಾದರೂ ಅವಳ ರಾಯದುರ್ಗದ ಮಾತು ಹೋಗಿರಲಿಲ್ಲ. “ಬ್ಯಾಳಿನ ಹೇಳ್ತದ ಯಾವ ನೀರು ಚಲೋ ಅಂತ. ಅದಕ್ಕ ಕಾಲೇಜು ಯಾಕ ಬೇಕು?”

ಬೋರಿನ ನೀರು ಮೆದು, ಗಡುಸಲ್ಲ ಎಂದಷ್ಟೇ ಹೇಳಿದೆನೆ? ಕುಡಿಯಿರಿ ಎಂದೆನೆ? ಮೊದಲನೆಯದು ನನ್ನ ಪರೀಕ್ಷೆಯಿಂದ ತಿಳಿದದ್ದು. ಎರಡನೆಯದನ್ನು ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಸುಮ್ಮನೆ ತಲೆಯಾಡಿಸಿರಲೂಬಹುದು. ಮುಂದಿನ ಸಲ ಹೋದಾಗ ಬಾವಿಯ ಜಾಗದಲ್ಲಿ ದನದ ಕೊಟ್ಟಿಗೆ ಇತ್ತು.

ನಮ್ಮ ಸೀಮೆಯ ಬಂಡೆಗಳಲ್ಲಿ ಮೆದು ನೀರಿನಲ್ಲೇ ಫ್ಲೋರೈಡ್ ಹೆಚ್ಚಾಗಿ ಕರಗುತ್ತದೆ ಎಂಬುದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಬೇಳೆಯನ್ನು ಮೆತ್ತಗೆ ಮಾಡುವ ನೀರು ಮೂಳೆಯನ್ನು ಬಿಗಿಯುತ್ತದೆ. ಬೋರಿನ ನೀರನ್ನು ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸುವ ಹೊತ್ತಿಗೆ ಚಿಕ್ಕಮ್ಮನ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡಿಯಾಗಿತ್ತು. ಫ್ಲೋರೈಡ್ ಮಿತಿ ಮೀರಿದೆ ಎಂದು ಹೇಳಿದೆ. ಚಿಕ್ಕಪ್ಪ ಕೊಟ್ಟಿಗೆಯ ಕಡೆ ನೋಡಿದರು. ಈಗ ಅವರಿಲ್ಲ.

ಆಮೇಲೆ ನಾನು ಮೇಲೇರುತ್ತ ಹೋದೆ. ಈಗ ದೆಹಲಿಯಲ್ಲಿ, ದೇಶದ ಪರಿಸರ ಸಂಸ್ಥೆಯೊಂದರ ಮುಖ್ಯಸ್ಥೆ. ನನ್ನ ಸಹಿಯಿಂದ ಕಾರ್ಖಾನೆ ನಿಲ್ಲುತ್ತದೆ, ಬಂಡೆಗೆ ನೋಟಿಸು ಕೊಡಲು ಬರುವುದಿಲ್ಲ. ಸನ್ಮಾನಗಳಲ್ಲಿ, ಚಿಕ್ಕಮ್ಮನ ಊರಿನ ನೀರೇ ನನ್ನನ್ನು ಈ ಕ್ಷೇತ್ರಕ್ಕೆ ತಂದಿತು ಎಂದು ಹೇಳುತ್ತ ಬಂದಿದ್ದೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಸೋಪಿನ ಸೀಸೆಯ ವಿಷಯವನ್ನು ಒಮ್ಮೆಯೂ ಹೇಳಿಲ್ಲ.

ಒಮ್ಮೆ ನನ್ನ ಮೇಜಿಗೆ ಬಂದ ಫ್ಲೋರೈಡ್ ಪೀಡಿತ ಊರುಗಳ ಪಟ್ಟಿಯಲ್ಲಿ ಆ ಊರಿನ ಹೆಸರಿತ್ತು. ಮುಂದೆ ‘ಶುದ್ಧ ನೀರಿನ ಘಟಕ ಇದೆ’ ಎಂದು ಬರೆದಿತ್ತು. ಘಟಕವೇನೋ ಇದೆ, ಕೆಟ್ಟು ಬೀಗ ಬಿದ್ದಿದೆ. ಅದನ್ನು ನೆನಪಿಸಿಕೊಳ್ಳುವ ಮೊದಲೇ ಸಹಿ ಹಾಕಿದ್ದೆ. ಮರುದಿನ ಟಿಪ್ಪಣಿ ಬರೆದೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಅಂಥ ಉತ್ತರಗಳನ್ನು ನಾನೇ ಎಷ್ಟೋ ಬರೆದಿದ್ದೇನೆ, ಅದರ ಅರ್ಥ ನನಗೆ ಗೊತ್ತು.

ಕಳೆದ ಚಳಿಗಾಲದಲ್ಲಿ ಅಲ್ಲಿಗೆ ಹೋಗಿದ್ದೆ. ಚಿಕ್ಕಮ್ಮನಿಗೆ ಕತ್ತು ತಿರುಗುವುದಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಾಳೆ. ನೆಲಕ್ಕೆ ಕೂರಲಾಗದು. ನಿಂತೇ ಬಡಿಸಿದಳು.

“ಯಾಕ ಹಂಗ ನೋಡ್ತಿ? ದಿಲ್ಲ್ಯಾಗ ಮುದುಕ್ಯಾರಿಲ್ಲೇನು?” ಎಂದಳು.

“ಕ್ಯಾನ್ ನೀರು ತರಿಸ್ಕೊಂತೀರಲ್ಲ, ಅದನ್ನ ಕುಡೀಬಾರದೇನು?” ಎಂದೆ.

“ಅದು ಮೊಮ್ಮಕ್ಕಳಿಗೆ. ನನ್ನ ಎಲುಬು ಕುಡಿಯೋದೆಲ್ಲ ಕುಡದಾವ. ಇನ್ನ ಅವಕ್ಕ ಕ್ಯಾನ್ ಯಾಕ?” ನಕ್ಕಳು. ಸೊಸೆ ನಗಲಿಲ್ಲ. ಬೇಳೆ ಬೋರಿನ ನೀರಿನಲ್ಲೇ ಬೆಂದಿತ್ತು, ಬೆಣ್ಣೆಯಂತಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ. ಬೇಡವೆನ್ನಲು ಧೈರ್ಯವಾಗಲಿಲ್ಲ.

ಸೊಸೆ ಕೊಡ ಎತ್ತಿಕೊಂಡು ಹೊರಗೆ ಹೋದಾಗ ಬಾವಿಯ ವಿಷಯ ಕೇಳಿಯೇಬಿಟ್ಟೆ. ಚಿಕ್ಕಮ್ಮ ಸೌಟು ಹಿಡಿದಿದ್ದಂತೆಯೇ ನಿಧಾನವಾಗಿ, ಪೂರ್ತಿಯಾಗಿ ನನ್ನ ಕಡೆ ತಿರುಗಿದಳು. ಆಮೇಲೆ ಅನ್ನದ ಪಾತ್ರೆಯ ಮುಚ್ಚಳ ತೆಗೆದಳು.

ಪ್ರತಿ ಭಾನುವಾರ ಫೋನು ಮಾಡಿದಾಗ ಚಿಕ್ಕಮ್ಮ ದೆಹಲಿಯ ಹೊಗೆಯ ಬಗ್ಗೆ, ನನ್ನ ಮಂಡಿನೋವಿನ ಬಗ್ಗೆ ವಿಚಾರಿಸುತ್ತಾಳೆ. ಕಳೆದ ವಾರ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಆ ಕಡೆ ಕುಕ್ಕರ್ ಕೂಗಿತು, ನಾನು ಇನ್ನೊಮ್ಮೆ ಕೇಳಿದೆ.

“ಚಿಕ್ಕಮ್ಮ, ಅವತ್ತು ಬಾವಿ ಮುಚ್ಚಿಸಿದ್ದು ನನ್ನ ಮಾತು ಕೇಳೇನು?”