ಜೇಡ ಸಾಕಿದ ಸೆಲ್ಮಾ

ಸ್ಟೋರ್‌ವಿಕ್ ಊರಿನಲ್ಲಿ ಹೆಂಗಸರ ಮರ್ಯಾದೆ ಇರುವುದು ಚಾವಣಿಯ ಮೂಲೆಗಳಲ್ಲಿ. ಯಾರ ಮನೆಗೆ ಹೋದರೂ ಬಲೆ ಕಟ್ಟಿದೆಯೇ ಎಂದು ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ, ಕಾಫಿ ಆಮೇಲೆ. ಅಂಥ ಊರಿನಲ್ಲಿ ಸೆಲ್ಮಾ ಸ್ಲೆಟೆನ್ ಹದಿನೈದು ವರ್ಷ ಜೇಡ ಸಾಕಿದಳು, ಒಬ್ಬರಿಗೂ ಗೊತ್ತಾಗದ ಹಾಗೆ.

ಈ ಕಸುಬನ್ನು ಮನೆಗೆ ತಂದವನು ಅವಳ ಗಂಡ ಆಂಟನ್. ಗಡಿಯಾರ ರಿಪೇರಿ ಮಾಡಿಕೊಂಡಿದ್ದವನು. ಮಿನೆಸೋಟದ ಆ ಭಾಗದಲ್ಲಿ ನವೆಂಬರ್ ಬಂತೆಂದರೆ ಗಂಡಸರೆಲ್ಲ ಜಿಂಕೆ ಬೇಟೆಗೆ ಕಾಡು ಸೇರುತ್ತಾರೆ. ಪಾದ್ರಿ ಕೂಡ ಬೇಟೆಯ ಮೊದಲ ಭಾನುವಾರ ಪ್ರವಚನ ಬೇಗ ಮುಗಿಸುತ್ತಾರೆ. ಬಂದೂಕಿನ ಮೇಲೆ ಕೂರಿಸುವ ದುರ್ಬೀನಿನೊಳಗೆ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಕಾಣುತ್ತದಲ್ಲ, ಅವು ಕೂಡುವ ಕಡೆ ಜಿಂಕೆಯ ಭುಜ ಬಂದಾಗ ಗುಂಡು ಹಾರಿಸಬೇಕು. ಆ ಕಾಲದಲ್ಲಿ ಆ ಗೆರೆಗಳು ಜೇಡದ ಎಳೆಗಳು. ತಂತಿ ಹಾಕಿದರೆ ದಪ್ಪವಾಗುತ್ತದೆ, ಗುಂಡು ಹಾರಿ ಬಂದೂಕು ಹಿಂದಕ್ಕೆ ಒದ್ದಾಗ ತುಂಡಾಗುವುದೂ ಉಂಟು. ಎಳೆ ಹಾಗಲ್ಲ, ಬಾಗಿ ಮತ್ತೆ ನೆಟ್ಟಗಾಗುತ್ತದೆ. ಯಾರೋ ಬೇಟೆಗಾರ ಗೆರೆ ಹರಿದ ದುರ್ಬೀನನ್ನು ಗಡಿಯಾರದ ಅಂಗಡಿಗೆ ತಂದ, ಆಂಟನ್ ಕಟ್ಟಿಕೊಟ್ಟ, ಮಾತು ಹರಡಿತು; ಎಳೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಹೀಗೆ ಸ್ಲೆಟೆನ್ ಕಂಪನಿ ಹುಟ್ಟಿತು. ಕಂಪನಿ ಎಂದರೆ ಮನೆಯ ಹಿಂದೊಂದು ಶೆಡ್ಡು, ಶೆಡ್ಡಿನಲ್ಲೊಂದು ಲೇತು, ಲೇತಿನ ಮುಂದೆ ದುರ್ಬೀನಿನೊಳಗೆ ಕೂರುವ ಹಿತ್ತಾಳೆಯ ಉಂಗುರ ಕಡೆಯುವ ಕೆಲಸಗಾರ ಎಲ್ಮರ್, ಮನೆಯ ಮೇಲಂತಸ್ತಿನಲ್ಲೊಂದು ಬೀಗ ಹಾಕಿದ ಕೋಣೆ.

ಆಂಟನ್‌ನ ಕೈ ಗಡಿಯಾರಕ್ಕೆ ಸರಿಯಿತ್ತು, ಜೇಡಕ್ಕೆ ಒರಟು. ಆದ್ದರಿಂದ ಆ ಕೋಣೆ ಸೆಲ್ಮಾಳ ಪಾಲಿಗೆ ಬಂತು. ಗುಂಡು ಹೊಟ್ಟೆಯ ಮನೆಜೇಡವನ್ನು ಕಡ್ಡಿಯ ಮೇಲೆ ಹತ್ತಿಸಿ, ಮೆಲ್ಲಗೆ ಅಲ್ಲಾಡಿಸಿದರೆ ಅದು ಎಳೆ ಬಿಡುತ್ತ ಕೆಳಗಿಳಿಯುತ್ತದೆ. ಇಳಿದಷ್ಟೂ ಎಳೆಯನ್ನು ಕವಲು ತಂತಿಗೆ ಸುತ್ತಿಕೊಳ್ಳಬೇಕು. ಆಮೇಲೆ ಉಂಗುರಕ್ಕೆ ಎರಡೆಳೆ ಹಾಯಿಸಿ, ತುದಿಗಳಿಗೆ ಅರಗಿನ ಚುಕ್ಕೆ ಇಟ್ಟರೆ ಮುಗಿಯಿತು. ಮೊದಲ ವರ್ಷ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಎರಡನೆಯ ವರ್ಷ ನೊಣ ಹಿಡಿದು ತಂದು ತಿನ್ನಿಸತೊಡಗಿದಳು.

ಆಂಟನ್ ಎದೆನೋವಿನಿಂದ ಹೋಗಿಬಿಟ್ಟ. ದುಃಖಪಡುತ್ತ ಕೂರಲು ಅವಳಿಗೆ ಪುರುಸೊತ್ತಿರಲಿಲ್ಲ, ಕೆಲಸ ನಡೆಯಿತು. ಆದರೆ ಕಾಲ ಬದಲಾಗುತ್ತಿತ್ತು. ದೊಡ್ಡ ಕಂಪನಿಗಳು ಗಾಜಿನ ಮೇಲೇ ಗೆರೆ ಕೊರೆಯುವುದನ್ನು ಕಲಿತವು. ಕೊನೆಗೆ ಎಳೆ ಕೇಳುವವರು ಶಿಕಾಗೋದ ಒಂದೇ ಒಂದು ಅಂಗಡಿಯವರು ಉಳಿದರು. ಆ ವರ್ಷ ಅವರೂ ಫೋನಿನಲ್ಲಿ ಹೇಳಿಬಿಟ್ಟರು: ಬೇಟೆ ಶುರುವಾಗುವ ಮೊದಲು ಮಾಲು ಪೂರ್ತಿ ಬರಬೇಕು, ಇಲ್ಲವಾದರೆ ನಾವೂ ಗಾಜಿನ ಕಡೆ ಹೋಗುತ್ತೇವೆ. ಹಾಗಾದರೆ ಕಂಪನಿ ಬಾಗಿಲು ಹಾಕಿದಂತೆಯೇ. ಸೆಲ್ಮಾ ಬೇಸಿಗೆಯೆಲ್ಲ ಕೂತು ಎಳೆ ಸುತ್ತಿಟ್ಟಳು. ಉಂಗುರಕ್ಕೆ ಕಟ್ಟುವುದಷ್ಟೇ ಬಾಕಿ ಎನ್ನುವಾಗ, ಅಕ್ಟೋಬರಿನಲ್ಲಿ, ಪಿತ್ತಕೋಶದ ಕಲ್ಲು ಅವಳನ್ನು ಆಸ್ಪತ್ರೆಗೆ ಕೆಡವಿತು.

ಚರ್ಚಿನ ಮಹಿಳಾ ಸಂಘ ಸುಮ್ಮನಿರುತ್ತದೆಯೇ? ಬಕೆಟ್ಟು, ಪೊರಕೆ, ಉಜ್ಜಿ ಒರೆಸಲು ವಿನಿಗರ್ ಹಿಡಿದು ಬಂತು. ಮುಂದಾಳು ರಾಗ್ನಾ ಟ್ವೇಟ್, ಅರವತ್ತು ದಾಟಿದ ವಿಧವೆ. ಅವಳ ಮನೆಯ ನೆಲದ ಮೇಲೆ ಲೆಫ್ಸೆ ರೊಟ್ಟಿ ಲಟ್ಟಿಸಬಹುದು ಎಂದು ಊರು ಹೇಳುತ್ತಿತ್ತು.

"ಎಲ್ಮರ್, ಸೆಲ್ಮಾ ಬರೋಷ್ಟರಲ್ಲಿ ಮನೆ ತೊಳೆದುಬಿಡ್ತೀವಿ. ಕೀಲಿ ಎಲ್ಲಿ?" ಎಂದಳು ರಾಗ್ನಾ.

"ಬೇಡ ಬಿಡಿ, ನಿಮಗ್ಯಾಕೆ ತೊಂದರೆ."

"ತೊಂದರೆ ಎಂಥದ್ದು ಮಾರಾಯ."

"ಮೇಲಿನ ಕೋಣೆ ಅಂತೂ ಬೇಡವೇ ಬೇಡ."

"ಅಲ್ಲೇ ಜಾಸ್ತಿ ಕೆಲಸ ಇದೆ ಅನ್ನು."

"ಬೇಡ ಅಂದ್ರೆ ಬೇಡ ಕಣ್ರೀ," ಎಂದ ಎಲ್ಮರ್, ನೆಲ ನೋಡುತ್ತ.

ಆ ಊರಿನಲ್ಲಿ ಕಾಫಿ ಕೊಟ್ಟರೂ ಬೇಡ ಬೇಡ ಎಂದು ಆಮೇಲೆ ಲೋಟ ಹಿಡಿಯುವುದೇ ಪದ್ಧತಿ. ಇವನ ಬೇಡ ನಿಜವಾದ ಬೇಡ ಎಂದು ಗೊತ್ತಾಗಬೇಕಾದರೆ ಅವನು ಕೂಗಾಡಬೇಕಿತ್ತು. ಎಲ್ಮರ್ ಹುಟ್ಟಿದಾಗಲೂ ಕೂಗಿದವನಲ್ಲ. ಇಷ್ಟು ನಯವಾಗಿ ಉಪಚಾರ ಹೇಳುವ ಗಂಡಸು ಊರಲ್ಲಿಲ್ಲ ಎಂದು ಮೆಚ್ಚಿಕೊಳ್ಳುತ್ತ ಹೆಂಗಸರು ಗೋಡೆಯ ಮೊಳೆಯಲ್ಲಿದ್ದ ಕೀಲಿ ತೆಗೆದುಕೊಂಡು ಮೆಟ್ಟಿಲು ಹತ್ತಿದರು.

ಸೆಲ್ಮಾ ಮನೆಗೆ ಬಂದಾಗ ಮೂಗಿಗೆ ವಿನಿಗರ್ ವಾಸನೆ ಹೊಡೆಯಿತು. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಮೇಲೆ ಹತ್ತಿದಳು. ಕೋಣೆ ಫಳಫಳ ಎನ್ನುತ್ತಿತ್ತು. ಒಂದು ಜೇಡವಿಲ್ಲ. ಬೇಸಿಗೆಯಿಡೀ ಸುತ್ತಿಟ್ಟ ಎಳೆ ಬರಿಗಣ್ಣಿಗೆ ಕಾಣುವಂಥದ್ದಲ್ಲವಲ್ಲ, ಕವಲು ತಂತಿಗಳನ್ನೆಲ್ಲ ಒರೆಸಿ, ಸಾಲಾಗಿ ಜೋಡಿಸಿದ್ದರು.

ಕೆಳಗೆ ರಾಗ್ನಾ ಕಾಯುತ್ತಿದ್ದಳು. ಸೆಲ್ಮಾಳ ಕೈ ಹಿಡಿದು ದನಿ ತಗ್ಗಿಸಿದಳು. "ಆ ಕೋಣೆ ನೋಡಿ ಹೊಟ್ಟೆ ಚುರಕ್ ಅಂತು ಕಣೆ. ಆಂಟನ್ ಹೋದ ಮೇಲೆ ಒಬ್ಬಳೇ ಎಷ್ಟಂತ ಮಾಡ್ತೀಯ ಪಾಪ. ಹೊರಗೆ ಯಾರೂ ಬಾಯಿ ಬಿಡಬಾರದು ಅಂತ ಎಲ್ಲರಿಗೂ ಹೇಳಿದೀನಿ."

"ದೊಡ್ಡ ಉಪಕಾರ ಆಯ್ತು ನಿಮ್ಮಿಂದ," ಎಂದಳು ಸೆಲ್ಮಾ. ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತಳು. ಸಿಟ್ಟು ಬಂದದ್ದು ಅವರ ಮೇಲಲ್ಲ, ತನ್ನ ಮೇಲೆ. ಜೇಡದ ಎಳೆಯಿಂದಲೇ ಅನ್ನ ತಿನ್ನುತ್ತ ಅದನ್ನು ಕದ್ದ ಮಾಲಿನಂತೆ ಬಚ್ಚಿಟ್ಟಿದ್ದಳಲ್ಲ.

ಹೊರಗೆ ಆಗಲೇ ಮಂಜು ಬಿದ್ದು ಹುಳಹುಪ್ಪಟೆ ಸತ್ತಿದ್ದವು. ಜೇಡ ಇನ್ನು ಸಿಕ್ಕರೆ ಮನೆಗಳೊಳಗೇ ಸಿಗಬೇಕು. ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿಗೆ ಕೂತಾಗ ಸೆಲ್ಮಾ ಎದ್ದು ನಿಂತಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಸಾಕಿದ್ದು, ಸುತ್ತಿದ್ದು, ಒರೆಸಿಹೋದದ್ದು. "ನನಗೆ ಜೇಡ ಬೇಕು. ಎಷ್ಟಿದ್ರೂ ಬೇಕು. ಇಲ್ಲದಿದ್ರೆ ಎಲ್ಮರ್‌ಗೂ ನನಗೂ ಕೆಲಸ ಇರಲ್ಲ."

ರಾಗ್ನಾ ಕಾಫಿ ಲೋಟ ಕೆಳಗಿಟ್ಟಳು.

"ಕೊಡೋಕೇನೋ ಆಸೆ," ಎಂದಳು ಒಬ್ಬಳು. "ಆದರೆ ನಮ್ಮನೇಲಿ ಜೇಡ ಎಲ್ಲಿ ಬರಬೇಕು?"

"ನಮ್ಮಲ್ಲಿ ಹಿಂದೊಂದಿತ್ತು, ಅತ್ತೆ ಇದ್ದ ಕಾಲದಲ್ಲಿ," ಎಂದಳು ಇನ್ನೊಬ್ಬಳು. ಅತ್ತೆ ಸತ್ತಿದ್ದಳು, ಆದ್ದರಿಂದ ಹೇಳಲು ಅಡ್ಡಿಯಿರಲಿಲ್ಲ.

ಅವರ ಮಾತು ನಂಬಿದರೆ ಊರಿಡೀ ಒಂದು ಜೇಡವಿಲ್ಲ. ಮಾರನೆಯ ದಿನ ಹಿತ್ತಿಲ ಮೆಟ್ಟಿಲ ಮೇಲೆ ಯಾರೋ ಜಾಮಿನ ಬಾಟಲಿ ಇಟ್ಟು ಹೋಗಿದ್ದರು. ಗುರುತು ಸಿಗದಿರಲೆಂದು ಚೀಟಿ ಕೆರೆದು ತೆಗೆದಿದ್ದರು. ಒಳಗೊಂದು ಬಡಕಲು ಜೇಡ. ಅದರ ಎಳೆ ನಾಲ್ಕು ಉಂಗುರಕ್ಕೂ ಸಾಲಲಿಲ್ಲ. ಎಲ್ಮರ್ ಲೇತಿಗೆ ಎಣ್ಣೆ ಹಾಕಿ ಬಟ್ಟೆ ಮುಚ್ಚಿದ.

ಬುಧವಾರ ಮಟಮಟ ಮಧ್ಯಾಹ್ನ ರಾಗ್ನಾ ಟ್ವೇಟ್ ಪೇಟೆಬೀದಿಯಲ್ಲೇ ನಡೆದು ಬಂದಳು. ಕೈಯಲ್ಲಿ ಬುಟ್ಟಿ, ಬುಟ್ಟಿಯ ತುಂಬ ಬಾಟಲಿಗಳು. ಮೇಲೆ ಬಟ್ಟೆ ಮುಚ್ಚಿರಲಿಲ್ಲ. ಕ್ಷೌರದಂಗಡಿಯಿಂದ ಅಂಚೆ ಕಚೇರಿಯವರೆಗೆ ಎಲ್ಲರೂ ನೋಡಿದರು. ನೇರವಾಗಿ ಮುಂಬಾಗಿಲಿಗೆ ಬಂದು ಬುಟ್ಟಿ ಇಳಿಸಿದಳು. ಗುಂಡು ಹೊಟ್ಟೆಯ, ಹೊಟ್ಟೆ ತುಂಬಿದ ಜೇಡಗಳು.

"ಇಷ್ಟೊಂದು ಎಲ್ಲಿಂದ ತಂದ್ರಿ?"

"ನಮ್ಮನೇದೇ. ನಮ್ಮ ಯಜಮಾನರ ಕೋಣೇದು." ರಾಗ್ನಾ ಕೈಗವಸು ಬಿಚ್ಚಲಿಲ್ಲ. "ಹಾಲ್ವರ್ ಹೋದ ದಿನ ಬಾಗಿಲು ಹಾಕಿದ್ದೆ. ಮನೆಯೆಲ್ಲ ತಿಕ್ತಿದ್ದೆ, ಅದೊಂದು ತೆಗೀತಿರಲಿಲ್ಲ. ತೆಗೆದು ಒರೆಸಿದ್ರೆ ಅವರು ಪೂರ್ತಿ ಹೋದ ಹಾಗೆ ಅನ್ನಿಸ್ತಿತ್ತು. ನಿನ್ನ ಕೋಣೆ ಹಾಳುಮಾಡಿದವಳು ನಾನು, ಇವತ್ತು ತೆಗೆದೆ. ಕೋಟಿನ ತೋಳೊಳಗೆಲ್ಲ ಕಟ್ಟಿಬಿಟ್ಟಿದ್ದವು ಕಣೆ."

ಸೆಲ್ಮಾ ಅವಳನ್ನು ಮೇಲೆ ಕರೆದುಕೊಂಡು ಹೋಗಿ, ಒಂದು ಜೇಡವನ್ನು ಇಳಿಸಿ, ಎರಡೆಳೆ ಕಟ್ಟಿ, ಉಂಗುರವನ್ನು ಭೂತಗನ್ನಡಿಯ ಕೆಳಗಿಟ್ಟಳು. ರಾಗ್ನಾ ಬಗ್ಗಿ ಬಹಳ ಹೊತ್ತು ನೋಡಿದಳು.

"ಇದು ಬಂದೂಕಿನೊಳಗೆ ಹೋಗುತ್ತಾ?"

"ಹೂಂ. ಜಿಂಕೆಗೆ ಗುರಿ ಇಡೋಕೆ."

"ಅವರಿಗೆ ಬೇಟೆ ಅಂದ್ರೇ ಆಗ್ತಿರಲಿಲ್ಲ," ಎಂದು ರಾಗ್ನಾ ನಗತೊಡಗಿದಳು. ನಗುತ್ತ ನಗುತ್ತ ಅಳು ಬಂತು. ಗಂಡನನ್ನು ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಅವತ್ತೇ ಸಂಜೆ ಊರಿನ ಉಳಿದ ಮನೆಗಳಿಂದಲೂ ಬಾಟಲಿಗಳು ಮುಂಬಾಗಿಲಿಗೇ ಬಂದವು. ರಾಗ್ನಾಳ ಮನೆಯಲ್ಲೇ ಇದೆ ಎಂದಮೇಲೆ ನಮ್ಮದೇನು ಎಂದರು. ಮಾಲು ಹೊತ್ತಿಗೆ ಸರಿಯಾಗಿ ಶಿಕಾಗೋಗೆ ಹೋಯಿತು, ಕಂಪನಿ ಇನ್ನೂ ಕೆಲವು ವರ್ಷ ಉಸಿರಾಡಿತು. ಹಾಲ್ವರ್‌ನ ಕೋಣೆಗೆ ರಾಗ್ನಾ ಮತ್ತೆ ಬಾಗಿಲು ಹಾಕಲಿಲ್ಲ. ಅದನ್ನು ಗುಡಿಸಲೂ ಹೋಗಲಿಲ್ಲ.