ಹೂವಿಲ್ಲದ ಸರ್ವರ್

ಊರು ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಆಕೆ ಸ್ವೆಟರ್ ತೊಟ್ಟು ಕೂತಿದ್ದಾರೆ. ಮೊದಲು ಚಪ್ಪಲಿ ಅಂಗಡಿಯ ಗೋದಾಮಾಗಿದ್ದ ಕೋಣೆ. ಏಸಿಯ ಚಳಿಗೂ ರಬ್ಬರಿನ ವಾಸನೆ ಜಗ್ಗಿಲ್ಲ. ಎದುರಿಗಿರುವುದು ಹೊಸ ಇಂಟರ್ನೆಟ್ ಕಂಪನಿಯ ಸರ್ವರ್, ಗಿರಾಕಿಗಳಿಗೆಲ್ಲ ಸಂಪರ್ಕ ಹಂಚುವ ಯಂತ್ರ. ಅದನ್ನು ನೋಡಿಕೊಳ್ಳುವುದು ಆಕೆಯ ಕೆಲಸ; ಈಗ ಆರಿಸಿ ಮತ್ತೆ ಚಾಲೂ ಮಾಡುತ್ತಾರೆ.

“ದಿನಾ ಊರು ಏಳೋದ್ರೊಳಗೆ ಇದನ್ನ ಒಂದ್ಸಲ ಸಾಯಿಸಿ ಬದುಕಿಸ್ಬೇಕು. ಇಲ್ಲಾಂದ್ರೆ ಮಟಮಟ ಮಧ್ಯಾಹ್ನ ತಾನೇ ಸಾಯುತ್ತೆ,” ಎನ್ನುತ್ತಾರೆ ಹಲ್ಲು ಕಚ್ಚಿಕೊಂಡು. ಅಷ್ಟರಲ್ಲಿ ಮನೆಯಿಂದ ತಾಯಿಯ ಫೋನು: “ಎದ್ದಿತೇನೇ ನಿನ್ನ ಕೂಸು?”

ಈ ಕೂಸು ಆಕೆಯ ಆಯ್ಕೆಯಲ್ಲ, ಕಂಪನಿಯ ಮಾಲೀಕರದು. ಕಂಪನಿ ಶುರುವಾಗುವ ಮುನ್ನ ಆಕೆ ಹಳೇ ಕಂಪ್ಯೂಟರುಗಳನ್ನು ಗುಡ್ಡೆ ಹಾಕಿಕೊಂಡು, ಒಂದೊಂದರಲ್ಲೂ ಒಂದೊಂದು ಆಪರೇಟಿಂಗ್ ಸಿಸ್ಟಮ್ ಹಾಕಿ, ಬೇಕೆಂದೇ ಗೋಳು ಹೊಯ್ದುಕೊಂಡು ನೋಡಿದ್ದರು. ಜಗ್ಗದೆ ನಿಂತದ್ದು ಒಂದೇ; ಸರ್ವರಿಗೆ ಅದನ್ನೇ ಹಾಕಿದರು. ಅದಕ್ಕೆ ಚಿತ್ರವಿಲ್ಲ, ಮೌಸಿನ ಹಂಗಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಉದ್ಘಾಟನೆಯ ದಿನ ಮಾಲೀಕರು ಬೀಗರನ್ನು ಕರೆತಂದರು, ಕಪ್ಪು ಪರದೆ ಕಂಡರು, ಕೆಟ್ಟು ಕೂತಿದೆ ಎಂದುಕೊಂಡು ಕರೆಂಟಿನ ವೈರು ಕಿತ್ತರು. ಬೀಗರೆದುರೇ ಎಲ್ಲರ ಇಂಟರ್ನೆಟ್ ನಿಂತಿತು. ತಪ್ಪು ಕಿತ್ತ ಕೈಯದಲ್ಲ, ಪರದೆಯದು ಎಂದು ತೀರ್ಮಾನವಾಯಿತು.

ಮರುದಿನವೇ ಮಾಲೀಕರ ಮೆಚ್ಚಿನ ಸಿಸ್ಟಮ್ ಬಂತು. ನೋಡಲು ಲಕ್ಷಣವಾಗಿದೆ: ಪರದೆಯ ನಡುವೆ ಗುಲಾಬಿ ಹೂವು, ಮೂಲೆಯಲ್ಲಿ ಗಡಿಯಾರ. ಗಿರಾಕಿಗಳು ಹೆಚ್ಚಿದಂತೆ ಮಾತ್ರ ಅದಕ್ಕೆ ಉಬ್ಬಸ. ಮೊನ್ನೆ ದಂತವೈದ್ಯರೊಬ್ಬರ ಎಕ್ಸ್‌ರೇ ಅರ್ಧ ಬಂದು ನಿಂತಿತಂತೆ; ಅವರ ಬೈಗುಳ ಮಾತ್ರ ಇಡಿಯಾಗಿ ಬಂತು. ದೂರಿನ ಫೋನು ಎತ್ತುವುದೂ ಈಕೆಯೇ.

ಈಗ ಎರಡನೇ ಸರ್ವರ್ ಬಂದಿದೆ. ಆಕೆ ಯಾರನ್ನೂ ಕೇಳದೆ ತಮ್ಮ ಕಪ್ಪು ಪರದೆಯ ಸಿಸ್ಟಮ್ಮನ್ನೇ ಹಾಕಿ, ನಿನ್ನೆ ಸಂಜೆ ಅರ್ಧ ಊರನ್ನು ಅದಕ್ಕೆ ವರ್ಗಾಯಿಸಿದ್ದಾರೆ. “ಇವತ್ತೂ ಮಾಲೀಕರು ವೈರ್ ಕೀಳೋಕೆ ಬಂದ್ರೆ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟು ಕೆಲಸ ಬಿಟ್ಟು ಹೋಗೋದೇ. ಇಂಥ ಇನ್ನೊಂದು ಕೂಸು ಸಾಕೋದು ನನ್ನ ಕೈಲಾಗಲ್ಲ.”

ಮಾಲೀಕರು ಬರುತ್ತಾರೆ. ಹೊಸ ಸರ್ವರಿನ ಕಪ್ಪು ಪರದೆ ಕಾಣುತ್ತದೆ. ಕೈ ತಾನಾಗಿ ವೈರಿನತ್ತ ಹೋಗುತ್ತದೆ. ಪ್ಲಗ್ಗಿನ ಮೇಲೆ ಆಕೆಯ ಅಂಗೈ ಆಗಲೇ ಕೂತಿದೆ.

“ಸತ್ತೋಗಿದೆಯಲ್ಲಮ್ಮಾ ಇದು.”

“ಅರ್ಧ ಊರು ಇದರ ಮೇಲೇ ನಡೀತಿದೆ ಸಾರ್. ಕೀಳಿ ಬೇಕಾದ್ರೆ. ಆಮೇಲೆ ಬರೋ ಫೋನೆಲ್ಲ ನೀವೇ ಎತ್ಕೊಳ್ಳಿ.”

ಕೈ ಹಿಂದೆ ಸರಿಯುತ್ತದೆ. ಆ ಫೋನನ್ನು ಅವರು ಈವರೆಗೆ ಎತ್ತಿದವರಲ್ಲ. ಗದ್ದ ತುರಿಸಿಕೊಂಡು, ಆಯಿತು, ಇದೇ ಇರಲಿ, ಆದರೆ ಬಂದವರು ನೋಡುತ್ತಾರಲ್ಲ, ಮೇಲೊಂದು ಹೂವಾದರೂ ಬರುವ ಹಾಗೆ ಮಾಡು ಎಂದು ಚೌಕಾಸಿಗಿಳಿಯುತ್ತಾರೆ.

ಆಕೆ ಪರದೆಯ ವೈರನ್ನು ಬಿಚ್ಚಿ, ಪರದೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಾರೆ. ಕೆಳಗೆ ಪರದೆಯಿಲ್ಲದೆಯೂ ಸರ್ವರಿನ ಫ್ಯಾನು ತನ್ನ ಪಾಡಿಗೆ ಗುಂಯ್‌ಗುಡುತ್ತಿದೆ. ಹಿಂದೆಯೇ ಬಂದ ಮಾಲೀಕರ ಮೇಜಿನ ಮೇಲೆ ಪರದೆಯನ್ನು ಕುಕ್ಕುತ್ತಾರೆ.

“ಹೂವು ಇಲ್ಲೇ ನೋಡ್ಕೊಳ್ಳಿ ಸಾರ್. ಸರ್ವರಿಗೆ ಮುಖ ಬೇಕಾಗಿಲ್ಲ.”

ಇನ್ನರ್ಧ ಊರನ್ನೂ ಸಂಜೆಯೊಳಗೆ ಹೊಸದಕ್ಕೆ ಸೇರಿಸುತ್ತಾರಂತೆ. ಆಮೇಲೇನು ಆಸೆ ಎಂದು ಕೇಳಿದರೆ ಆಕೆಯ ದನಿ ಮೊದಲ ಸಲ ಇಳಿಯುತ್ತದೆ.

“ನಾಳೆ ಬಿಸಿಲು ಮುಖಕ್ಕೆ ಬೀಳೋವರೆಗೂ ಮಲಗ್ಬೇಕು. ಅಮ್ಮ ಬೈದು ಎಬ್ಬಿಸ್ಬೇಕು.”