ಬಬಲೇಶ್ವರದ ಗೋಡೆಯ ಸೈನಿಕ

ರಾಜಾರಾಮ ಟಿಕೋಟಾದಿಂದ ವಿಜಯಪುರದ ಪೇಟೆಗೆ ತನ್ನ ಟಂಟಂ ಗಾಡಿಯಲ್ಲಿ ಒಣದ್ರಾಕ್ಷಿ ಸಾಗಿಸುತ್ತಾನೆ. ಹುಟ್ಟಿದ್ದು ಎಪ್ಪತ್ತೊಂದರ ಯುದ್ಧದ ಹೊತ್ತಿಗೆ. ತಾರೀಖು ಕೇಳಿದರೆ ಅವನವ್ವ, "ರೇಡಿಯೋದಾಗ ಲಡಾಯಿ ನಡದಿತ್ತು, ಹೊಟ್ಯಾಗ ನೀ ನಡಸಿದ್ದಿ" ಎನ್ನುತ್ತಿದ್ದಳು. ತಾನು ಹುಟ್ಟಿದಾಗ ಲೋಕದಲ್ಲಿ ಏನು ನಡೆದಿತ್ತೆಂದು ನೋಡುವ ಆಸೆಗೆ ಗುಜರಿ ಮೆಹಬೂಬನ ಅಂಗಡಿಯಿಂದ ಆ ಕಾಲದ ವಾರಪತ್ರಿಕೆಯೊಂದನ್ನು ತಂದ. ಅಲ್ಲಿಂದ ಹುಚ್ಚು ಹಿಡಿಯಿತು. ಯುದ್ಧಕಾಲದ ಪತ್ರಿಕೆಗಳು ಮಂಚದ ಕೆಳಗೆ ತುಂಬಿ ಮೇಲಕ್ಕೂ ಏರಿದವು.

"ಊರಿಗೆಲ್ಲ ಲಡಾಯಿ ಮುಗದು ಹೋತು, ನಮ್ಮ ಮನ್ಯಾಗ ಇನ್ನೂ ನಡದೈತಿ" ಎನ್ನುತ್ತ ಹೆಂಡತಿ ಪೂನಮ ನೆಲದ ಮೇಲೆ ಹಾಸಿಗೆ ಬಿಡಿಸುತ್ತಿದ್ದಳು.

ಸಿಗದೆ ಕಾಡಿದ್ದು ಒಂದೇ ಸಂಚಿಕೆ. ಮುಖಪುಟದಲ್ಲಿ ಹುರಿಮೀಸೆಯ ಸೈನಿಕನಿದ್ದದ್ದು. ಅದರ ಸಣ್ಣ ಚಿತ್ರ ಮಾತ್ರ ಮುಂದಿನ ವಾರದ ಪತ್ರಿಕೆಯಲ್ಲಿತ್ತು.

ಹೋದ ವರ್ಷ ದ್ರಾಕ್ಷಿ ಹೇರಲು ಬಬಲೇಶ್ವರದ ಅಮೋಘಸಿದ್ದನ ಮನೆಗೆ ಹೋದಾಗ ನೀರು ಕುಡಿಯಲು ಒಳಗೆ ಕರೆದರು. ದೇವರ ಜಗಲಿಯ ಮೇಲಿನ ಗೋಡೆಯಲ್ಲಿ, ಗಾಜಿನ ಕಟ್ಟಿನೊಳಗೆ ಅದೇ ಸೈನಿಕ! ಹಣೆಗೆ ಭಂಡಾರದ ಅರಿಸಿನ, ಮೇಲೊಂದು ಹೂಮಾಲೆ. ರಾಜಾರಾಮನಿಗೆ ನೀರು ನೆತ್ತಿಗೇರಿತು.

"ಯವ್ವಾ, ಇವರು ಯಾರ್ರಿ?"

"ನಮ್ಮ ಮಾವ" ಎಂದಳು ಅಮೋಘಸಿದ್ದನ ತಾಯಿ ಮುದುಕವ್ವ.

ನಿಜ ಹೇಳಿದರೆ ಮುದುಕಿಯ ಭಕ್ತಿ ಕೆಡುತ್ತದೆ, ಹೇಳದಿದ್ದರೆ ಪತ್ರಿಕೆ ದಕ್ಕುವುದಿಲ್ಲ. ಅವನು ಮೆಲ್ಲಗೆ, "ಮಿಲಿಟರ್ಯಾಗ ಇದ್ರೇನ್ರಿ?" ಎಂದ.

"ಎಲ್ಲೀದು? ಕುರಿ ಕಾಯತಿದ್ದ. ಫೋಟೋ ತಗಸೂಣಂದ್ರ ಓಡಿ ಹೋಗತಿದ್ದ. ಸತ್ತ ಮ್ಯಾಲ ಪೂಜಿಗೆ ಏನರ ಬೇಕಲ್ಲ? ಮೀಸಿ ಥೇಟ್ ಹಿಂಗ ಇತ್ತು. ಹಿಂದ ರಟ್ಟು ಬ್ಯಾರೆ ಯಾಕಂತ ಪೂರಾ ಪುಸ್ತಕಾನ ಕಟ್ಟು ಹಾಕಿಸೇನಿ."

ರಾಜಾರಾಮ ಕೈ ಮುಗಿದು ಅದನ್ನು ಬೇಡಿದ.

"ಕೊಟ್ಟು, ಬರೇ ಗ್ವಾಡಿಗೆ ಎಡಿ ಹಿಡೀಲೇನು?" ಎಂದ ಮುದುಕವ್ವ ಅವನನ್ನೇ ದಿಟ್ಟಿಸಿದಳು. "ಯಪ್ಪಾ, ಮಾರಿ ಸ್ವಲ್ಪ ಬೆಳಕಿಗೆ ತಿರುವು. ನಿನ್ನ ಮೀಸಿ ಅವಂದಕ್ಕಿಂತ ಛಲೋ ಐತಲ್ಲೋ!"

ಮರುದಿನವೇ ಗೋಳಗುಮ್ಮಟದ ಹತ್ತಿರದ ಸ್ಟುಡಿಯೋದಲ್ಲಿ ಅವನು ಮೀಸೆ ತಿರುವಿಕೊಂಡು ಕೂತ.

"ಎಲೆಕ್ಷನ್ನಿಗೆ ನಿಂತೀರೇನ್ರಿ?" ಎಂದ ಫೋಟೋದ ಜುಬೇರ.

"ಇಲ್ಲೋ ತಮ್ಮಾ, ಒಬ್ಬಾಕಿಗೆ ಮಾವ ಆಗಾಕತ್ತೇನಿ."

ಸೈನಿಕನ ಜಾಗಕ್ಕೆ ರಾಜಾರಾಮನ ಫೋಟೋ ಏರಿ ಅದಲುಬದಲಾಯಿತು. ಮನೆಗೆ ತಂದು ಕಟ್ಟು ಬಿಚ್ಚಿದರೆ ಒಳಗಿನ ಅರ್ಧ ಪತ್ರಿಕೆಯನ್ನು ಗೆದ್ದಲು ತಿಂದಿತ್ತು. ಉಳಿದರ್ಧವನ್ನು ರಾಜಾರಾಮ ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಓದಿದ.

"ಜೀವಂತ ಇರೂವಾಗನ ಮಾಲಿ ಹಾಕಿಸಿಕೊಂಡ ಬಂದಿಯಲ್ಲ!" ಎಂದು ಪೂನಮ ಅತ್ತು ಕರೆದು ರಂಪ ಮಾಡಿದಳು. ಆದರೆ ಅಮಾವಾಸ್ಯೆಗೆ ಬಬಲೇಶ್ವರದಿಂದ ಎಡೆಯ ಹೋಳಿಗೆ ಬಂದಾಗ ತುಪ್ಪ ಹಚ್ಚಿಕೊಂಡು ತಿಂದಳು.

ಈಗ ದ್ರಾಕ್ಷಿ ಹೇರಲು ರಾಜಾರಾಮ ಅಂಗಳಕ್ಕೆ ಕಾಲಿಟ್ಟರೆ ಸಾಕು, ಅವನಿಗಿಂತ ಎಷ್ಟೋ ಹಿರಿಯಳಾದ ಮುದುಕವ್ವ ದಡಬಡಿಸಿ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ.